ನಮ್ಮವರ ಬಾಸ್ ಬೇಟೆ

ನಮ್ಮ ಅಡುಗೆಮನೆಯ ಸಿಂಕಿನ ಪಕ್ಕ, ತೊಳೆದ ಲೋಟಗಳನ್ನು ಬೋರಲು ಹಾಕುವ ತಟ್ಟೆಯಲ್ಲಿ, ಸೋಮವಾರ ಬೆಳಗ್ಗೆ ಸಾಮಾನ್ಯವಾಗಿ ಒಂದು ಕಪ್ಪೆ ಕೂತಿರುತ್ತದೆ. ಗಾಬರಿಯಾಗಬೇಡಿ, ರಬ್ಬರಿನ ಕಪ್ಪೆ. ಹಸಿರು ಬೆನ್ನು, ಹಳದಿ ಹೊಟ್ಟೆ, ಹಿಂಗಾಲುಗಳ ಜಾಗದಲ್ಲಿ ದಾರದ ಕುಚ್ಚು, ಬೆನ್ನಿಗೆ ಒರಗಿಕೊಂಡಂತೆ ಎರಡು ಚೂಪು ಕೊಕ್ಕೆ. ಹಾಲು ಕಾಯಿಸಲು ನಿದ್ದೆಗಣ್ಣಿನಲ್ಲಿ ಬರುವ ನನ್ನನ್ನು ಅದು ನೋಡುವ ರೀತಿಯಿದೆಯಲ್ಲ, ಈ ಮನೆಗೆ ಹೊರಗಿನಿಂದ ಬಂದವಳು ನೀನೇ ಹೊರತು ನಾನಲ್ಲ ಎನ್ನುವ ಹಾಗೆ. ಮೊದಲ ಸಲ ಕಿರುಚಿಕೊಂಡಿದ್ದೆ. ಈಗ ಅದರ ಮುಖವನ್ನು ಗೋಡೆಯ ಕಡೆ ತಿರುಗಿಸಿಟ್ಟು ಹಾಲಿನ ಪಾತ್ರೆ ಒಲೆಗೇರಿಸುತ್ತೇನೆ.

ಕಪ್ಪೆಯ ಯಜಮಾನರು ನಮ್ಮವರು, ವಾಸುದೇವ. ಕೆ.ಆರ್. ಪುರದ ಕಡೆಯ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ಇಡೀ ವೃತ್ತಿಜೀವನ ಕಳೆದು, ನಿವೃತ್ತಿಯ ಹಾರ ಕೊರಳಿನಿಂದ ಇಳಿಯುವುದರೊಳಗೆ ಬೇಸರ ಹಿಡಿಸಿಕೊಂಡ ಮನುಷ್ಯ. ನಾನು ಹಲಸೂರಿನ ಶಾಲೆಯೊಂದರಲ್ಲಿ ಇನ್ನೂ ಕನ್ನಡ ಪಾಠ ಹೇಳುತ್ತಿರುವುದರಿಂದ ಹಗಲೆಲ್ಲ ಮನೆ ಅವರ ಪಾಲಿಗೆ. ಆ ನಿರ್ಜನ ಮಧ್ಯಾಹ್ನಗಳಲ್ಲಿ ಮೊಬೈಲು ಅವರಿಗೆ ಅಮೆರಿಕದ ಸರೋವರಗಳನ್ನು ತೋರಿಸಿತು. ಟೋಪಿ ಹಾಕಿದ ದಢೂತಿ ಗಂಡಸರು ದೋಣಿಯಲ್ಲಿ ನಿಂತು, ಬಾಸ್ ಎಂಬ ಮೀನನ್ನು ಹಿಡಿದು, ಅದರ ಜೊತೆ ಫೋಟೋ ತೆಗೆಸಿಕೊಂಡು, ಮತ್ತೆ ನೀರಿಗೇ ಬಿಟ್ಟುಬಿಡುವ ವಿಡಿಯೋಗಳು. ಒಂದು ಸಂಜೆ ನಾನು ಶಾಲೆಯಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಘೋಷಣೆಯಾಯಿತು.

"ಪದ್ಮಾ, ನಾನಿನ್ನು ಬಾಸ್ ಹಿಡಿಯೋಕೆ ಹೋಗ್ತೀನಿ."

"ಕೆಲಸದಲ್ಲಿದ್ದಾಗಲೇ ಬಾಸನ್ನ ಹಿಡಿದುಕೊಳ್ಳೋಕೆ ಬರಲಿಲ್ಲ ನಿಮಗೆ. ಈಗ ರಿಟೈರಾದ ಮೇಲೆ ಯಾವ ಪ್ರಮೋಷನ್ನಿಗೆ?" ಅಂದೆ.

ಇಲ್ಲಿಂದ ಶುರುವಾದದ್ದು ನನ್ನ ಬಾಯಿ. ಅದು ಎರಡು ವರ್ಷ ನಿಲ್ಲಲಿಲ್ಲ ಎಂಬುದನ್ನು ನಿಮ್ಮೆದುರು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನಮ್ಮ ಕೆರೆಗಳಲ್ಲಿ ಬಾಸ್ ಇಲ್ಲ. ಈ ಸುದ್ದಿಯನ್ನು ಅವರಿಗೆ ತಿಳಿಸಿದವರು ಗೌಸ್ ಸಾಹೇಬರು. ಶಿವಾಜಿನಗರದಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ, ಬೆಳ್ಳಿಗಡ್ಡದ, ಮೆಲುಮಾತಿನ ಈ ಹಿರಿಯರು ಚಿಕ್ಕಂದಿನಿಂದ ಗಾಳ ಹಾಕಿದವರು. ನನ್ನ ಹೊಲಿಗೆ ಯಂತ್ರ ಒಯ್ದುಕೊಟ್ಟು ಬರಲು ಹೋದ ನಮ್ಮವರು ಅಲ್ಲೇ ಮೂರು ಗಂಟೆ ಕೂತು, ಯಂತ್ರದ ವಿಷಯ ಮರೆತು, ಮೀನಿನ ವಿಷಯ ಕಲಿತು ಬಂದರು. ಬಾಸ್ ಇಲ್ಲದಿದ್ದರೇನು, ಕೊರಮೀನಿದೆಯಲ್ಲ. ಅದೂ ಹಾಗೇ ಜೊಂಡಿನ ಸಂದಿಯಲ್ಲಿ ಹೊಂಚುಹಾಕುತ್ತದೆ, ಅದೂ ಕಪ್ಪೆ ಕಂಡರೆ ಎಗರುತ್ತದೆ. ಹೀಗಾಗಿ ಅಮೆರಿಕದ ಬಾಸಿಗೆ ಎರೆಯಾಗಲೆಂದು ಹುಟ್ಟಿದ ರಬ್ಬರ್ ಕಪ್ಪೆ ಹಲಸೂರಿನ ನಮ್ಮ ಮನೆಗೆ ಬಂದು, ಪ್ರತಿ ಭಾನುವಾರ ಹೊರಮಾವಿನ ಆಚೆಯ ಒಂದು ಕೆರೆಗೆ ಹೋಗಿಬರತೊಡಗಿತು. ಆ ಕೆರೆಯ ಮೀನಿನ ಗುತ್ತಿಗೆ ಹಿಡಿದವನು ಗೌಸ್ ಸಾಹೇಬರ ಹಳೆಯ ಗಿರಾಕಿ. ಇವರಿಬ್ಬರು ದಡದಲ್ಲಿ ಕೂರುವುದಕ್ಕೆ ಅವನದೇನೂ ತಕರಾರಿರಲಿಲ್ಲ. ನಮ್ಮವರಿಂದ ಮೀನಿಗೆ ಅಪಾಯವಿಲ್ಲವೆಂದು ಅವನು ಮೊದಲ ವಾರವೇ ಕಂಡುಕೊಂಡಿದ್ದನೆಂದು ನನ್ನ ಗುಮಾನಿ.

ನಾವು ಮೀನು ತಿನ್ನುವವರಲ್ಲ. ಹಿಡಿದು ಬಿಡುವುದೇ ಆಟ ಎಂದು ಅವರು, ಹಿಡಿದರೆ ತಾನೇ ಬಿಡುವ ಮಾತು ಎಂದು ನಾನು. ಅವರ ತಾಲೀಮು ನಮ್ಮ ತಾರಸಿಯಲ್ಲಿ ನಡೆಯುತ್ತಿತ್ತು. ಮೂಲೆಯಲ್ಲಿ ಬಕೆಟ್ ಇಟ್ಟು ಈ ತುದಿಯಿಂದ ಕಪ್ಪೆ ಬೀಸುವುದು. ಬಕೆಟ್ಟಿಗೆ ಬೀಸಿದ ಕಪ್ಪೆ ಒಮ್ಮೆ ಪಕ್ಕದ ಮನೆಯ ತಾರಸಿಗೆ ಹಾರಿ, ಒಣಹಾಕಿದ್ದ ಸೀರೆಯ ಸೆರಗು ಹಿಡಿದು ಎಳೆಯಿತು. ಆ ಮನೆಯಾಕೆ ಕೊಕ್ಕೆ ಬಿಡಿಸುತ್ತ, "ಕೇಳಿದ್ರೆ ನಾನೇ ಕೊಡ್ತಿದ್ದೆ ಅಲ್ವಾ ಸಾರ್" ಎಂದರಂತೆ. ಸ್ಕೂಟರು ಕೆಟ್ಟಿದ್ದ ಒಂದು ಭಾನುವಾರ ಮೆಟ್ರೋದಲ್ಲಿ ಹೊರಟರೆ, ಹಲಸೂರು ನಿಲ್ದಾಣದಲ್ಲಿ ಕಲಬುರಗಿ ಕಡೆಯ ಕಾವಲುಗಾರ ಆ ಉದ್ದನೆಯ ಕೊಳವೆ ಬಿಚ್ಚಿಸಿ, ಗಾಳದ ಕೋಲನ್ನು ಮೇಲಿಂದ ಕೆಳಗೆ ನೋಡಿ, "ಮೆಟ್ರೋದಾಗ ಮೀನು ಎಲ್ಲಿ ಸಿಗ್ತಾವ್ರಿ ಸರ?" ಎಂದು ಗಂಭೀರವಾಗಿ ವಿಚಾರಿಸಿದ. ಇವನ್ನೆಲ್ಲ ನನಗೆ ಹೇಳಿದವರು ಸ್ವತಃ ನಮ್ಮವರೇ. ತಮ್ಮ ಪೇಚನ್ನು ತಾವೇ ಮನೆಗೆ ಹೊತ್ತುತಂದು ಹೆಂಡತಿಯ ಮುಂದೆ ಬಿಚ್ಚಿಡುವ ಗಂಡಸರು ಲೋಕದಲ್ಲಿ ಎಷ್ಟು ಮಂದಿ ಇದ್ದಾರೆಂದು ನಾನು ಆಗ ಯೋಚಿಸಲಿಲ್ಲ. ನನಗೆ ಬೇಕಾಗಿದ್ದದ್ದು ಸಾಮಗ್ರಿ. ಅದು ವಾರವಾರ ತಪ್ಪದೆ ಒದಗುತ್ತಿತ್ತು.

ಆ ಸಾಮಗ್ರಿಯನ್ನೆಲ್ಲ ನಾನು ಒಟ್ಟಿಗೆ ಬಡಿಸಿದ್ದು ನನ್ನ ತಂಗಿಯ ಹೊಸ ಫ್ಲ್ಯಾಟಿನ ಗೃಹಪ್ರವೇಶದಲ್ಲಿ. ಊಟ ಮುಗಿದು ಎಲ್ಲರೂ ಎಲೆಯಡಿಕೆ ಹಿಡಿದು ಕೂತಿದ್ದರು. ಯಾರೋ "ಭಾವ ಮೀನು ಹಿಡೀತಾರಂತೆ?" ಎಂದು ಕೇಳಿದ್ದೇ ನೆಪ. ಸೀರೆ, ಬಕೆಟ್ಟು, ಕಾವಲುಗಾರ, ಒಂದನ್ನೂ ಬಿಡಲಿಲ್ಲ. "ಎರಡು ವರ್ಷದಿಂದ ಈ ಕಪ್ಪೆಗೆ ಈಜು ಕಲಿಸ್ತಿದ್ದಾರೆ, ಇನ್ನೇನು ಅದಕ್ಕೆ ಮೆಡಲ್ ಬರಬೇಕು" ಎಂದು ಮುಗಿಸಿದೆ. ಕೋಣೆ ನಕ್ಕಿತು. ನಮ್ಮವರೂ ನಕ್ಕರು. ಆದರೆ ಉಳಿದವರ ನಗು ಮುಗಿದ ಮೇಲೂ ಅವರ ನಗು ಮುಖದ ಮೇಲೆ ಇನ್ನೂ ಸ್ವಲ್ಪ ಹೊತ್ತು ಉಳಿದಿತ್ತು, ತೆಗೆಯಲು ಮರೆತದ್ದರ ಹಾಗೆ. ಅದನ್ನು ನೋಡಿದೆ. ನೋಡಿಯೂ ಇನ್ನೊಂದು ಅಡಿಕೆ ಬಾಯಿಗೆ ಹಾಕಿಕೊಂಡೆ.

ಮುಂದಿನ ಭಾನುವಾರ ಅವರು ಕೆರೆಗೆ ಹೋಗಲಿಲ್ಲ. ಗೌಸ್ ಸಾಹೇಬರಿಗೆ ಕಣ್ಣಿನ ಪೊರೆ ತೆಗೆದಿದ್ದಾರೆ, ಒಬ್ಬನೇ ಏನು ಹೋಗಲಿ ಅಂದರು. ಅದರ ಮರುವಾರ ಕೋಲಿನ ಕೊಳವೆ ಬೀರುವಿನ ತಲೆಯ ಮೇಲೆ, ಹಳೆಯ ಸೂಟ್‌ಕೇಸುಗಳ ಹಿಂದೆ ಹೋಯಿತು. ಅವರು ಜಗಳವಾಡಿದ್ದರೆ ನನಗೆ ಉತ್ತರವಿತ್ತು. ದಿನಪತ್ರಿಕೆಯನ್ನು ಎರಡೆರಡು ಸಲ ಓದುತ್ತ ಕೂರುವವರಿಗೆ ಏನು ಹೇಳುವುದು? ತಮಾಷೆ ಎಂಬುದು ಎಷ್ಟು ಅನುಕೂಲದ ಮಾತು ನೋಡಿ. ನೋವಾಯಿತೇ ಎಂದು ಕೇಳುವ ಹೊಣೆಯಿಂದ ಅದು ನಮ್ಮನ್ನು ಪಾರುಮಾಡಿಬಿಡುತ್ತದೆ. ಮೂರನೆಯ ಶನಿವಾರ ಸಂಜೆ ನಾನೇ ಸ್ಟೂಲು ಹತ್ತಿ ಕೊಳವೆ ಇಳಿಸಿದೆ.

"ನಾಳೆ ನಾನೂ ಬರ್ತೀನಿ," ಅಂದೆ.

"ನೀನಾ? ಬಿಸಿಲು ಕಣೇ ಅಲ್ಲಿ."

"ಪೇಪರ್ ತಿದ್ದೋದಿದೆ. ಮರದ ಕೆಳಗೆ ಕೂತು ತಿದ್ಕೋತೀನಿ."

ಅವರು ಮರುದಿನ ಅಲಾರಮ್ಮಿಗಿಂತ ಮೊದಲೇ ಎದ್ದು ಶೇವ್ ಮಾಡಿಕೊಂಡಿದ್ದರು.

ಆ ಬೆಳಗು ಹೀಗಿತ್ತು. ಒಂದು ಕಡೆ ಕಟ್ಟಡಗಳ ಸಾಲು, ಒಂದು ಕಡೆ ಜೊಂಡು, ನಡುವೆ ಹಸಿರುಗಪ್ಪು ನೀರು. ನಮ್ಮವರು ನನಗೆ ಎಲ್ಲವನ್ನೂ ತೋರಿಸಿಕೊಟ್ಟರು: ಕೋಲು ಹಿಡಿಯುವುದು ಹೀಗೆ, ರೀಲು ಸುತ್ತುವುದು ಹೀಗೆ, ಮೀನು ಕಚ್ಚಿದೊಡನೆ ಎಳೆಯಬಾರದು, ಕಪ್ಪೆ ಪೂರ್ತಿ ಒಳಗೆ ಹೋಗುವ ತನಕ ತಾಳಬೇಕು. ಊಟದ ಮೇಜಿನಲ್ಲಿ ಇವನ್ನೆಲ್ಲ ನೂರು ಸಲ ಕೇಳಿಸಿಕೊಳ್ಳದೆ ಕೇಳಿದ್ದೆ. ಎರಡು ಗಂಟೆ ಬೀಸಿದರು. ಏನೂ ಇಲ್ಲ. ನಾನು ಏನೂ ಅನ್ನಲಿಲ್ಲ. ಅದು ನನಗೆ ಎಷ್ಟು ಕಷ್ಟವಾಯಿತೆಂಬುದು ನಿಮಗೆ ಈಗಾಗಲೇ ಗೊತ್ತು. ಕೊನೆಗೆ ಅವರು ಕೋಲನ್ನು ನನ್ನ ಕೈಗೆ ಕೊಟ್ಟು, "ಹಿಡ್ಕೊಂಡಿರು, ರಸ್ತೆ ಹತ್ರ ಟೀ ತರ್ತೀನಿ" ಎಂದು ಏರಿಯ ಮೇಲೆ ನಡೆದು ಹೋದರು.

ಸುಮ್ಮನೆ ಹಿಡಿದು ನಿಲ್ಲುವುದು ಮುಜುಗರವೆನಿಸಿ ಒಂದು ಸಲ ಬೀಸಿದೆ. ಕಪ್ಪೆ ಎಲ್ಲೋ ಜೊಂಡಿನ ಅಂಚಿಗೆ ಬಿತ್ತು. ಅವರು ಮಾಡುತ್ತಿದ್ದಂತೆ ತುದಿಯನ್ನು ಕುಣಿಸುತ್ತ ಸುತ್ತಿದೆ. ನೀರು ಒಡೆಯಿತು. ಬೇರೆ ಮಾತು ನನಗೆ ತೋಚುತ್ತಿಲ್ಲ; ಕೆರೆ ಬಾಯಿ ತೆರೆದು ಕಪ್ಪೆಯನ್ನು ನುಂಗಿತು. ತಾಳಬೇಕು ಎಂಬ ಮಾತು ಯಾವ ಮೂಲೆಯಿಂದಲೋ ಎದ್ದು ಬಂತು. ತಾಳಿದೆ. ಆಮೇಲೆ ಎಳೆದೆ. ಆ ತುದಿಯಿಂದ ಒಂದು ಜೀವ ನನ್ನನ್ನು ಎಳೆಯಿತು. ಮೊಣಕೈ ತನಕ ಅದರ ಸಿಟ್ಟು ಹರಿದು ಬಂದದ್ದು ನೆನಪಿದೆ. ಚಪ್ಪಲಿ ಕೆಸರಿಗೆ ಹೋಯಿತು, ಕನ್ನಡಕ ಮೂಗಿನ ತುದಿಗೆ ಬಂತು, ತಿದ್ದದ ಉತ್ತರಪತ್ರಿಕೆಗಳು ಗಾಳಿಗೆ ಹಾರುತ್ತಿದ್ದವು. ಕಡೆಗೆ ದಡದ ಹುಲ್ಲಿನ ಮೇಲೆ ನನ್ನ ಮೊಣಕೈಯುದ್ದದ ಕಪ್ಪು ಮೀನೊಂದು ಹೊರಳುತ್ತಿತ್ತು. ಹಾವಿನಂಥ ತಲೆ, ಹೊಟ್ಟೆ ಬಿಳಿ, ಕಣ್ಣು ನನ್ನ ಮೇಲೆ.

ನಾನು ಗೆದ್ದೆ ಎಂಬ ಹಿಗ್ಗು ಬಂತು, ಸುಳ್ಳು ಹೇಳುವುದಿಲ್ಲ. ಅದೇ ಹೊತ್ತಿಗೆ ನೀರಿನ ಕಡೆ ನೋಡಿದೆ. ಜೊಂಡಿನ ಅಂಚಿನಲ್ಲಿ, ಮೀನು ಎದ್ದ ಜಾಗದಲ್ಲಿ, ನೀರಿನ ಮೇಲೆ ಕೆಂಪಗೆ ಒಂದು ಮಚ್ಚೆ ನಡುಗುತ್ತಿತ್ತು. ಕೊರಮೀನಿನ ಮರಿಗಳು ಹಾಗೆ ಕೆಂಪು ಗುಂಪಾಗಿ ಮೇಲೆ ಬಂದು ಉಸಿರಾಡುತ್ತವೆ, ಅಪ್ಪ ಅಮ್ಮ ಕೆಳಗಿದ್ದು ಕಾಯುತ್ತವೆ, ಆ ಹೊತ್ತಿನಲ್ಲಿ ಅವನ್ನು ಹಿಡಿಯಬಾರದು ಎಂದು ಗೌಸ್ ಸಾಹೇಬರು ನಮ್ಮವರಿಗೆ ಹೇಳಿ, ನಮ್ಮವರು ನನಗೆ ಹೇಳಿದ್ದರು. ಮೀನು ಕಪ್ಪೆಗೆ ಎಗರಿದ್ದು ಹಸಿವಿಗಲ್ಲ, ಮಕ್ಕಳ ಹತ್ತಿರ ಬಂದೆಯಲ್ಲ ಎಂಬ ಕೋಪಕ್ಕೆ. ಮಿಂಚುಳ್ಳಿಯೊಂದು ಆಗಲೇ ಜೊಂಡಿನ ಮೇಲೆ ಬಂದು ಕೂತಿತ್ತು.

ದುಪಟ್ಟಾ ಒದ್ದೆ ಮಾಡಿ ಮೀನಿಗೆ ಸುತ್ತಿದೆ. ನಮ್ಮವರ ಪೆಟ್ಟಿಗೆಯಿಂದ ಇಕ್ಕಳ ತೆಗೆದು ಕೊಕ್ಕೆ ಬಿಡಿಸಲು ಹೋದರೆ ಒಂದು ಬಂತು, ಇನ್ನೊಂದು ಬರುವುದಿಲ್ಲ. "ಒಂದ್ ನಿಮಿಷ, ಒಂದ್ ನಿಮಿಷ ಇರಮ್ಮ" ಎಂದು ಮೀನಿನ ಜೊತೆ ಮಾತಾಡಿದೆ. ಎರಡನೆಯ ಕೊಕ್ಕೆ ಬಿಟ್ಟಿತು. ಮೊಣಕಾಲ ತನಕ ನೀರಿಗಿಳಿದು ಬಿಟ್ಟೆ. ಅದು ಒಂದು ಕ್ಷಣ ಕೈಗಳ ನಡುವೆಯೇ ನಿಂತಿತ್ತು, ಆಮೇಲೆ ಇರಲಿಲ್ಲ. ಕೆಂಪು ಮಚ್ಚೆ ಚದುರಿ, ಮತ್ತೆ ಕೂಡಿ, ಜೊಂಡಿನ ಒಳಕ್ಕೆ ಸರಿಯಿತು. ಮಿಂಚುಳ್ಳಿ ಎದ್ದು ಹೋಯಿತು.

ನಮ್ಮವರು ಟೀ ತಂದಾಗ ನಾನು ಮರದ ಕೆಳಗೆ ಕೂತು ಕೆಂಪು ಪೆನ್ನು ಹಿಡಿದಿದ್ದೆ.

"ಏನಾದ್ರೂ ಆಯ್ತಾ?" ಎಂದರು.

ಎರಡು ವರ್ಷ ಅವರನ್ನು ಹಂಗಿಸಿದವಳು ಒಂದೇ ಬೀಸಿಗೆ ಹಿಡಿದೆ ಎಂದು ಹೇಗೆ ಹೇಳಲಿ? ಹೇಳಿದ್ದರೆ ಕೊಳವೆ ಮತ್ತೆ ಬೀರುವಿನ ಮೇಲಿಂದ ಇಳಿಯುತ್ತಲೇ ಇರಲಿಲ್ಲ. "ಏನಿಲ್ಲ, ಕಾಲು ಜಾರಿ ನೀರಿಗೆ ಇಳಿದೆ ಅಷ್ಟೇ," ಅಂದೆ. ಟೀ ತಣ್ಣಗಾಗಿತ್ತು. "ಇದನ್ನ ಎಲ್ಲಿಂದ ತಂದ್ರಿ, ಮೈಸೂರಿಂದಾನಾ?" ಎಂದು ಕೇಳಿದೆ. ಅವರು ನಕ್ಕರು. ಅದು ಹಳೆಯ ನಗು.

ಮುಂದಿನ ವಾರದಿಂದ ಮತ್ತೆ ಹೋಗತೊಡಗಿದರು. ಹೇಳದೆ ಉಳಿದ ಮೀನು ಮಾತ್ರ ನನ್ನೊಳಗೆ ಓಡಾಡುತ್ತಿತ್ತು. ತರಗತಿಯಲ್ಲಿ ಷಟ್ಪದಿ ಬಿಡಿಸುವಾಗ ಮೊಣಕೈಯಲ್ಲಿ ಎಳೆದಂತಾಗುತ್ತಿತ್ತು. ತಿಂಗಳಾದ ಮೇಲೆ, ಮತ್ತೊಮ್ಮೆ ರಿಪೇರಿಗೆ ಕೊಟ್ಟಿದ್ದ ಹೊಲಿಗೆ ಯಂತ್ರ ತರಲು ಗೌಸ್ ಸಾಹೇಬರ ಅಂಗಡಿಗೆ ಹೋದವಳು, ಯಾರಿಗಾದರೂ ಹೇಳದಿದ್ದರೆ ಆಗದೆಂದು, ಅವರಿಗೆ ಹೇಳಿಬಿಟ್ಟೆ. ಅವರು ಹೊಸ ಕನ್ನಡಕದಲ್ಲಿ ನನ್ನನ್ನು ನೋಡಿ, ಯಂತ್ರದ ಗಾಲಿಯನ್ನು ಒಂದು ಸುತ್ತು ತಿರುಗಿಸಿದರು.

"ನಂಗೆ ಗೊತ್ತಿದೆ ಭಾಭಿ. ಅವತ್ತು ಸಂಜೆನೇ ವಾಸು ಭಾಯಿ ಫೋನ್ ಮಾಡಿದ್ರು."

"ಅವರಿಗೆ ಹೇಗೆ ಗೊತ್ತು?"

"ಏರಿ ಮೇಲೆ ಹೊಂಗೆ ಮರ ಇದೆ ಅಲ್ವಾ, ಅಲ್ಲೇ ನಿಂತಿದ್ರಂತೆ, ಎರಡು ಕೈಯಲ್ಲೂ ಟೀ ಹಿಡ್ಕೊಂಡು. ಎಲ್ಲಾ ನೋಡಿದಾರೆ. ನೀವು ಮೀನು ಬಿಟ್ಟು ವಾಪಸ್ ಬಂದು ಕೂರೋ ತನಕ ಬಂದಿಲ್ಲ."

"ಯಾಕೆ ಬರಲಿಲ್ಲ?"

"ನಾನೂ ಅದೇ ಕೇಳ್ದೆ. ಹತ್ರ ಹೋಗಿದ್ರೆ ಕೋಲು ಕಿತ್ಕೋತಿದ್ದೆ ಗೌಸ್ ಭಾಯ್, ಅವಳ ಮೀನು ನನ್ನದಾಗ್ಬಿಡ್ತಿತ್ತು ಅಂದ್ರು. ಆಮೇಲೆ ಅವಳು ಏನೂ ಇಲ್ಲ ಅಂದಾಗ, ನನಗೋಸ್ಕರಾನೇ ಸುಮ್ನಿದಾಳೆ, ಇರ್ಲಿ ಬಿಡಿ ಅಂದ್ರು." ಗೌಸ್ ಸಾಹೇಬರು ಸೂಜಿಗೆ ದಾರ ಪೋಣಿಸುತ್ತ ಸೇರಿಸಿದರು, "ಇಬ್ರದ್ದೂ ಗುಟ್ಟು ಇಟ್ಕೊಂಡು ಸಾಕಾಗಿತ್ತು. ಈಗ ತಲೆ ಹಗುರ ಆಯ್ತು."

ಆಟೋದಲ್ಲಿ ಯಂತ್ರವನ್ನು ತೊಡೆಗೊರಗಿಸಿಕೊಂಡು ಮನೆಗೆ ಬಂದೆ. ಆವತ್ತು ಟೀ ತಣ್ಣಗಾಗಿದ್ದು ಯಾಕೆಂದು ದಾರಿಯಲ್ಲಿ ಹೊಳೆಯಿತು. ನಾನು ಅವರನ್ನು ಕಾಪಾಡುತ್ತಿದ್ದೇನೆಂದು ತಿಳಿದ ಅಷ್ಟೂ ದಿನ ಅವರು ನನ್ನನ್ನು ಕಾಪಾಡುತ್ತಿದ್ದರು. ಮನೆಯಲ್ಲಿ ಇಬ್ಬರೂ ಒಂದೇ ಮೀನನ್ನು ಒಬ್ಬರಿಗೊಬ್ಬರು ತೋರಿಸದೆ ಸಾಕಿಕೊಂಡಿದ್ದೆವು.

ಮಾರನೆಯ ದಿನ ಬೆಳಗ್ಗೆ ಕಾಫಿ ಕುಡಿಯುತ್ತಿದ್ದಾಗ, ಪತ್ರಿಕೆಯ ಆಚೆಗಿದ್ದ ಮುಖಕ್ಕೆ ಕೇಳಿದೆ.

"ಎಷ್ಟಿತ್ತು ರೀ ಆ ಮೀನು? ದೂರದಿಂದ ನೋಡಿದವರು ನೀವು."

ಪತ್ರಿಕೆ ನಿಧಾನವಾಗಿ ಇಳಿಯಿತು. ಯಾವ ಮೀನು ಎಂದು ಅವರು ಕೇಳಲಿಲ್ಲ. ಕಾಫಿ ಲೋಟ ಪಕ್ಕಕ್ಕಿಟ್ಟು, ಎರಡೂ ಕೈ ಎತ್ತಿದರು. ಕೈಗಳು ಅಗಲವಾದವು, ಮೊಣಕೈಯುದ್ದ ದಾಟಿದವು, ಇನ್ನೂ ಅಗಲವಾದವು, ಒಂದು ಕೈ ಸಕ್ಕರೆ ಡಬ್ಬಿಯ ಆಚೆಗೆ, ಇನ್ನೊಂದು ಕುರ್ಚಿಯ ಆಚೆಗೆ ಹೋಗಿ ನಿಂತವು.

"ಇಷ್ಟು," ಎಂದರು.

"ಹೌದು," ಅಂದೆ, "ಅಷ್ಟೇ ಇತ್ತು."