ರಾಯಬಾಗದ ಜ್ವರ, ಮಿರಜದ ಬೀಗರು

ಮೊನ್ನೆ ನೆಗಡಿಗೆ ಗುಳಿಗೆ ತರಲು ಅಪ್ಪಾಸಾಹೇಬರ ಔಷಧ ಅಂಗಡಿಗೆ ಹೋದೆ. ಅವರು ಕನ್ನಡಕದ ಮೇಲಿಂದ ನೋಡಿ, "ಯಾರಿಗ್ರಿ ಮಾಸ್ತರ? ನಿಮಗೋ, ಬೀಗರಿಗೋ?" ಎಂದರು.

ಅಂಗಡಿಯಲ್ಲಿದ್ದ ನಾಲ್ಕೂ ಜನ ನಕ್ಕರು. ನಾಲ್ವರಿಗೂ ಆ ಬೀಗರ ಪರಿಚಯವಿತ್ತು.

ಕೊರೊನಾ ಕಾಲದ ಮಾತು. ಜ್ವರದ ಗುಳಿಗೆ ಕೇಳಿದವರ ಹೆಸರು, ಫೋನ್ ನಂಬರ್ ಬರೆದಿಡಬೇಕೆಂದು ಔಷಧ ಅಂಗಡಿಗಳಿಗೆ ಆದೇಶ ಬಂತು. ಬಂದ ಮರುದಿನದಿಂದ ರಾಯಬಾಗದಲ್ಲಿ ಯಾರಿಗೂ ಜ್ವರವೇ ಇಲ್ಲ. ಇದ್ದ ಜ್ವರವೆಲ್ಲ ಗಡಿಯಾಚೆ ಮಹಾರಾಷ್ಟ್ರದ ಮಿರಜದಿಂದ ಬಂದ ಬೀಗರಿಗೆ! ಕಾಗವಾಡದ ಗಡಿಯಲ್ಲಿ ಪೊಲೀಸರು ಹಾಲಿನ ಗಾಡಿಯನ್ನೂ ತಡೆದು ನೋಡುತ್ತಿದ್ದ ದಿನಗಳವು. (ಇಷ್ಟೊಂದು ಬೀಗರು ಹೇಗೆ ನುಸುಳಿದರು ಎಂಬುದು ಇತಿಹಾಸಕಾರರಿಗೆ ಬಿಟ್ಟ ವಿಷಯ.)

ಅಪ್ಪಾಸಾಹೇಬರಿಗೆ ಅರವತ್ತು ದಾಟಿತ್ತು, ಜೊತೆಗೆ ಶುಗರ್. ಜೀವವೂ ಉಳಿಯಬೇಕು, ಅಂಗಡಿಯೂ ತೆರೆದಿರಬೇಕು. ಹಾಗಾಗಿ ತಮ್ಮದೇ ಒಂದು ಕಾನೂನು ಮಾಡಿದರು. ಜ್ವರ ಇದ್ದವರು ಅಂಗಡಿ ಮುಂದೆ ಕಟ್ಟಿದ ಹಗ್ಗದ ಆಚೆ ನಿಲ್ಲಬೇಕು. ಗುಳಿಗೆ ಪ್ಲಾಸ್ಟಿಕ್ ಪೈಪಿನಲ್ಲಿ ಜಾರಿ ಕೈಗೆ ಬರುತ್ತದೆ. ಜ್ವರ ಇಲ್ಲದವರು ಕೌಂಟರಿಗೆ ಬರಬಹುದು.

ಹಗ್ಗದ ಆಚೆ ನಿಂತವನನ್ನು ಇಡೀ ಪೇಟೆ ನೋಡುತ್ತದೆ. ನಿಲ್ಲುವವರು ಯಾರು?

ನಾನೂ ನಿಲ್ಲಲಿಲ್ಲ. ಮೈ ಹಂಚಿನಂತೆ ಸುಡುತ್ತಿತ್ತು. ನೇರ ಹೋಗಿ ಕೌಂಟರಿಗೆ ಮೊಣಕೈ ಊರಿ, ಮಾತು ಸ್ಪಷ್ಟವಾಗಿ ಕೇಳಲೆಂದು ಮಾಸ್ಕನ್ನು ಗದ್ದಕ್ಕಿಳಿಸಿ, ಬೀಗರ ಹೆಸರು, ನಂಬರು ಎರಡನ್ನೂ ಕೊಟ್ಟೆ.

"ಗಡಿ ಬಂದ್ ಐತಲ್ರಿ. ಹೆಂಗ ಬಂದ್ರು?"

"ಬಂದಾರ್ರಿ ಹೆಂಗೋ," ಎಂದೆ. ಅವರು ನನ್ನ ಕೆಂಪು ಕಣ್ಣು ನೋಡಿದರು. ಬೀಗರ ಹೆಸರನ್ನೇ ಬರೆದುಕೊಂಡರು.

ನನ್ನ ಜ್ವರ ಐದು ದಿನಕ್ಕೆ ಇಳಿಯಿತು. ಮಿರಜದಲ್ಲಿ ಗಟ್ಟಿಮುಟ್ಟಾಗಿ ಕೂತಿದ್ದ ಬೀಗರಿಗೆ ಮಾತ್ರ ಆರೋಗ್ಯ ಇಲಾಖೆಯಿಂದ ದಿನಾ ಫೋನು. ಉಸಿರು ಸಲೀಸಾಗಿದೆಯೇ? ವಾಸನೆ ತಿಳಿಯುತ್ತದೆಯೇ? (ಅಂದಿನಿಂದ ಅವರು ನನ್ನೊಡನೆ ಬರೀ ಮರಾಠಿಯಲ್ಲಿ ಮಾತಾಡುತ್ತಾರೆ.)

ಅಷ್ಟರಲ್ಲಿ ಅಪ್ಪಾಸಾಹೇಬರ ಅಂಗಡಿಯ ಷಟರ್ ಇಳಿಯಿತು. ಮೂರು ವಾರ ಏಳಲಿಲ್ಲ. ಮನೆಯಲ್ಲಿ ಕೇಳಿದರೆ, ಮಿರಜಕ್ಕೆ ಹೋಗಿದ್ದಾರೆ ಎಂದಷ್ಟೇ ಉತ್ತರ. ಊರಿಗೆ ಊರೇ ಮಲಗಿರುವಾಗ ಈ ಮನುಷ್ಯ ಬೀಗರ ಮನೆ ಊಟಕ್ಕೆ ಹೋಗುವುದೇ, ಜವಾಬ್ದಾರಿ ಬೇಡವೇ ಎಂದು ಫೋನಿನಲ್ಲಿ ನಾಲ್ಕಾರು ಜನರಿಗೆ ಭಾಷಣ ಬಿಗಿದೆ. ಎಲ್ಲರೂ ಒಪ್ಪಿದರು.

ಮೊನ್ನೆ, ನಕ್ಕವರೆಲ್ಲ ಹೋದ ಮೇಲೆ, ಅಪ್ಪಾಸಾಹೇಬರು ಆ ಕಾಲದ ರಜಿಸ್ಟರ್ ತೆಗೆದು ತೋರಿಸಿದರು. ಹಾಳೆ ತುಂಬ ಬೀಗರು. ನನ್ನ ಬೀಗರ ಹೆಸರು ಬರೆದ ನಾಲ್ಕು ದಿನದ ನಂತರ, ಕಟ್ಟಕಡೆಯ ಸಾಲಿನಲ್ಲಿ ಅವರದೇ ಹೆಸರು, ಅವರದೇ ನಂಬರು.

"ನಿಮಗೂ ಬಂದಿತ್ತೇನ್ರಿ?"

"ಹದಿನೆಂಟು ದಿನ ಮಿರಜದ ದವಾಖಾನ್ಯಾಗ ಇದ್ನಿ. ಆಕ್ಸಿಜನ್ ಹಚ್ಚಿದ್ರು," ಎಂದರು, ಪಕ್ಕದ ಮನೆಯವರ ಸುದ್ದಿ ಹೇಳಿದ ಹಾಗೆ.

"ಗಡಿ ಹೆಂಗ ದಾಟಿದ್ರಿ?"

"ಆಂಬುಲನ್ಸ್‌ನ್ಯಾಗ್ರಿ. ಅದನ್ನೊಂದ ಬಿಡ್ತಿದ್ರು."

ಆ ಹಾಳೆಯಲ್ಲಿ ತನ್ನ ಜ್ವರಕ್ಕೆ ತನ್ನ ಹೆಸರನ್ನೇ ಕೊಟ್ಟ ರೋಗಿ ಅವರೊಬ್ಬರೇ.

ರಜಿಸ್ಟರ್ ಮುಚ್ಚಿ, ಗುಳಿಗೆ ಯಾರಿಗೆ ಎಂದು ಮತ್ತೆ ಕೇಳಿದರು. "ನನಗ್ರಿ," ಎಂದೆ, ಹಿಂದೆ ಹಗ್ಗವಿದ್ದ ಜಾಗದ ತನಕ ಸರಿದು ನಿಂತು.

ಅವರ ಜ್ವರ ಯಾವ ಬೀಗರಿಂದ ಬಂತೆಂದು ಅವರು ಹೇಳಲಿಲ್ಲ. ನಾನು ಕೇಳಬೇಕಿತ್ತೇ?