ಬೆಡ್‌ಶೀಟು ಹಿಡಿದು ಮಾತು ಕಲಿಸುವ ಇಸ್ತ್ರಿ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬದಿಯ ಲಾಂಡ್ರಿಯಲ್ಲಿ ಇಸ್ತ್ರಿ ಅಕ್ಕ ತೋಳು ಮಡಿಚಿಕೊಂಡು ದೊಡ್ಡ ಇಸ್ತ್ರಿ ಯಂತ್ರದ ಮುಂದೆ ನಿಂತಿದ್ದಾರೆ. ಗೋಡೆಯಾಚೆ ಬಾಯ್ಲರ್ ಕೋಣೆ. ಅಲ್ಲಿಂದ ಗಂಡಸಿನ ದಪ್ಪ ದನಿ ಕೇಳುತ್ತದೆ: "ಅಕ್ಕಾ, ಆವಿ ಬರ್ತಾ ಇದೆ." ಅಕ್ಕ ಮೊದಲ ಬೆಡ್‌ಶೀಟಿನ ಅಂಚು ಹಿಡಿದು ಕೊಡವುತ್ತಾರೆ. ತುಸು ಹೊತ್ತಿಗೆ ಮತ್ತೆ ಅದೇ ದನಿ: "ಬಂತು." ಬಟ್ಟೆ ಒಳಗೆ ಹೋಗಿ ಆ ಕಡೆಯಿಂದ ಬೆಚ್ಚಗೆ ಹೊರಬರುತ್ತದೆ.

ಈ ಎರಡು ಮಾತು ಆ ಗೋಡೆ ದಾಟಲು ಏಳು ವರ್ಷ ಬೇಕಾಯಿತು. ಅಲ್ಲಿಯವರೆಗೆ ಬಾಯ್ಲರಣ್ಣ ಒಂದು ಹಳೇ ಸ್ಪ್ಯಾನರಿನಿಂದ ಪೈಪಿಗೆ ಬಡಿಯುತ್ತಿದ್ದರು. ಒಂದು ಏಟು ಎಂದರೆ ಆವಿ ಬರುತ್ತಿದೆ, ಎರಡು ಏಟು ಎಂದರೆ ಬಂದಿದೆ. ಯಂತ್ರಗಳ ಗದ್ದಲದಲ್ಲಿ ಬಿದ್ದದ್ದು ಒಂದೋ ಎರಡೋ ಎಂಬುದೇ ಅನುಮಾನ. ಹಾಗಾಗಿ ಅಕ್ಕ ಗೋಡೆಯ ಮೇಲಿನ ಆವಿ ಮಾಪಕದ ಮುಳ್ಳನ್ನು ಕಣ್ಣಾರೆ ನೋಡದೆ ಯಂತ್ರ ಮುಟ್ಟುತ್ತಿರಲಿಲ್ಲ. ದೂರದಿಂದ ಬಂದ ಬಾಯ್ಲರಣ್ಣನ ಕೈ ಪಳಗಿತ್ತು, ನಾಲಿಗೆ ಪಳಗಿರಲಿಲ್ಲ. ಅದನ್ನು ಪಳಗಿಸಿದವರು ಈ ಅಕ್ಕ. ಆಸ್ಪತ್ರೆಯ ಯಾವ ಬೋರ್ಡಿನಲ್ಲೂ ಅವರ ಹೆಸರಿಲ್ಲ. ಅವರಿಗೆ ಅದರ ಚಿಂತೆ ಇದ್ದಂತಿಲ್ಲ. ಚಿಂತೆ ನನಗಿದೆ, ಅದಕ್ಕೇ ಈ ಬರಹ.

ದಿನಕ್ಕೆ ಸುಮಾರು ಒಂಬೈನೂರು ಬೆಡ್‌ಶೀಟು ಅಕ್ಕನ ಕೈ ದಾಟಿ ಹೋಗುತ್ತವೆ. ದಿಂಬಿನ ಕವರು, ಡಾಕ್ಟರುಗಳ ಬಿಳಿ ಕೋಟು ಬೇರೆ. ಹರಿದದ್ದು ಹೊಲಿಯುವವಳು, ಬಟ್ಟೆ ಗಾಡಿಯ ಡ್ರೈವರ್, ಹೀಗೆ ಇಲ್ಲಿ ಕೆಲಸಕ್ಕಿರುವವರು ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಭಾಷೆ ಆಡುವವರು. ಬೆಳಗಿನ ಚಹಾ ಮುಗಿದ ಮೇಲೆ, ಎರಡನೇ ಸುತ್ತಿನ ಬಟ್ಟೆ ಬರುವ ತನಕ, ಅಕ್ಕನ ಪಾಠ ನಡೆಯುತ್ತದೆ. ಕೂರಲು ಬೆಂಚಿಲ್ಲ, ಬರೆಯಲು ಹಲಗೆಯಿಲ್ಲ. ಒಂದು ತುದಿಗೆ ನೆನೆಸುವ ತೊಟ್ಟಿ, ನಡುವೆ ಹಿಂಡುವ ಯಂತ್ರ, ಇನ್ನೊಂದು ತುದಿಗೆ ಮಡಿಸಿಡುವ ಕಪಾಟು. ಪ್ರತಿಯೊಬ್ಬರೂ ಒಂದೊಂದು ಬೆಡ್‌ಶೀಟಾಗಿ ಈ ದಾರಿಯಲ್ಲಿ ನಡೆಯಬೇಕು. ತೊಟ್ಟಿಯತ್ತ ಬೊಟ್ಟು ಮಾಡಿ "ನನ್ನನ್ನ ನೆನೆಸಿದ್ರು" ಎನ್ನಬೇಕು, ಯಂತ್ರದ ಬಳಿ "ಹಿಂಡ್ತಾ ಇದಾರೆ", ಕಪಾಟಿನತ್ತ ನೋಡಿ "ಮಡಿಸಿಡ್ತಾರೆ". ವರದಿ ಮಾಡಲು ಹೋದ ನನ್ನನ್ನೂ ಅಕ್ಕ ಬಿಡಲಿಲ್ಲ. ದಿಂಬಿನ ಕವರಾಗಿ ಚೆನ್ನಾಗಿ ಹಿಂಡಿಸಿಕೊಂಡೇ ಬಂದೆ.

ಯಾರ ನಾಲಿಗೆ ಎಲ್ಲಿ ತೊಡರುತ್ತದೆ ಎಂಬುದನ್ನು ಅಕ್ಕ ಬಟ್ಟೆಯ ಕಲೆ ಗುರುತಿಸುವ ಹಾಗೆ ಗುರುತಿಸುತ್ತಾರೆ. "ಬಾಯ್ಲರಣ್ಣನ ಭಾಷೇಲಿ ಮಾಡಿದೆ, ಮಾಡ್ತೀನಿ ಅಂತ ಮಾತು ಬದಲಾಗೋದೇ ಇಲ್ಲ. ನಿನ್ನೆ ಅಂತ ಒಂದು ಸೇರಿಸಿದ್ರೆ ಆಯ್ತು, ನಾಳೆ ಅಂದ್ರೆ ಆಯ್ತು. ಹೊಲಿಗೆಯವಳ ಭಾಷೇಲಿ ಕೆಲಸ ಮುಗೀತೋ ಇಲ್ವೋ ಅನ್ನೋದು ಮೊದಲು ಹೇಳ್ಬೇಕು, ಯಾವಾಗ ಅನ್ನೋದು ಆಮೇಲೆ. ನಮ್ಮ ಗಾಡಿ ಡ್ರೈವರ್‌ಗೆ ಇವತ್ತು ಬೆಳಗ್ಗೆ ಆಗಿದ್ದಕ್ಕೊಂದು ರೂಪ, ಹೋದ ವರ್ಷ ಆಗಿದ್ದಕ್ಕೆ ಬೇರೆ ರೂಪ. ನಾವೇನು ಕಮ್ಮಿ? ದಿನಾ ಹೋಗ್ತೀನಿ ಅಂತೀವಿ, ನಾಳೆ ಹೋಗ್ತೀನಿ ಅಂತೀವಿ, ಎರಡಕ್ಕೂ ಒಂದೇ. ಅವರು ತಲೆ ಕೆರ್ಕೊಳ್ದೆ ಏನು ಮಾಡ್ತಾರೆ?"

ಈ ವಿದ್ಯೆ ಅಕ್ಕನಿಗೆ ದಕ್ಕಿದ್ದು ಅತ್ತೆಯಿಂದ. ಅಕ್ಕನೂ ಬೇರೆ ಭಾಷೆಯ ಮನೆಯಿಂದ ಸೊಸೆಯಾಗಿ ಬಂದವರು. ಮೊದಲ ವರ್ಷವೆಲ್ಲ ತಲೆಯಾಡಿಸುವುದೇ ಅವರ ಮಾತು. ಅತ್ತೆ ಬೈಯಲಿಲ್ಲ, ಪಾಠವನ್ನೂ ಹೇಳಲಿಲ್ಲ. ಒಗೆಯುವ ಕಲ್ಲಿನ ಹತ್ತಿರ ಕೂರಿಸಿಕೊಂಡು, ಮಾಡಿದ್ದು, ಮಾಡುತ್ತಿರುವುದು, ಮಾಡಲಿರುವುದು ಎಲ್ಲವನ್ನೂ ಬಾಯಿಬಿಟ್ಟು ಹೇಳುತ್ತಲೇ ಒಗೆದರಂತೆ. ಒಂದು ದಿನ ಅತ್ತೆ ಬಕೆಟ್ಟು ಎತ್ತುವ ಮೊದಲೇ ಸೊಸೆ "ನಾನು ಹಿಂಡಿಟ್ಟಿದೀನಿ ಅತ್ತೆ" ಎಂದಾಗ, ಆ ಹಿರಿಯ ಜೀವ ಬಕೆಟ್ಟು ಬಿಟ್ಟು ಸೊಸೆಯನ್ನು ತಬ್ಬಿಕೊಂಡಿತು.

ಹೋದ ವರ್ಷ ಹೊಸ ನಿಯಮ ಬಂತು. ಬಾಯ್ಲರ್ ನೋಡಿಕೊಳ್ಳುವವರು ಅದರ ಸ್ಥಿತಿಗತಿಯನ್ನು ಇಲ್ಲಿಯ ಮಾತಿನಲ್ಲಿ ಹೇಳಬಲ್ಲವರಾಗಿರಬೇಕು. ಅದಕ್ಕೊಂದು ಬಾಯಿಮಾತಿನ ಪರೀಕ್ಷೆ, ಮೂರು ಅವಕಾಶ. ಮೂರರಲ್ಲೂ ಬಿದ್ದರೆ ಬಾಯ್ಲರಣ್ಣ ತಾವು ಮಗುವಿನಂತೆ ನೋಡಿಕೊಂಡ ಬಾಯ್ಲರನ್ನು ಬಿಟ್ಟು ಮೂಟೆ ಹೊರುವ ಕೆಲಸಕ್ಕೆ ಹೋಗಬೇಕು. ಮೊದಲ ಸಲ ಅವರು ಬಾಯಿಯನ್ನೇ ತೆರೆಯಲಿಲ್ಲ. ಎರಡನೇ ಸಲ ತೆರೆದರು. "ನಿನ್ನೆ ಏನೇನು ಮಾಡಿದಿರಿ?" ಎಂದು ಕೇಳಿದ್ದೇ ತಡ, ಗಾಬರಿಯಲ್ಲಿ ಅಕ್ಕನ ಪಾಠ ಹಾಗೇ ಹೊರಬಂತು: "ನಿನ್ನೆ ನನ್ನನ್ನ ನೆನೆಸಿದ್ರು. ಆಮೇಲೆ ಹಿಂಡಿದ್ರು." ಪರೀಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕು, ಫೇಲು ಮಾಡಿ ಕಳಿಸಿದರು.

"ತಪ್ಪು ನಂದು," ಎನ್ನುತ್ತಾರೆ ಅಕ್ಕ. "ಬಟ್ಟೆ ಆಗೋದು ಕಲಿಸ್ದೆ. ವಾಪಸ್ ಮನುಷ್ಯ ಆಗೋದು ಕಲಿಸ್ಲಿಲ್ಲ."

ಮರುದಿನವೇ ಅಕ್ಕ ಬಾಯ್ಲರ್ ಕೋಣೆಗೆ ನುಗ್ಗಿ ಆ ಹಳೇ ಸ್ಪ್ಯಾನರ್ ಕಿತ್ತುಕೊಂಡು ತಮ್ಮ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಇನ್ನು ಆವಿ ಬಂದರೆ ಬಾಯ್ಲರಣ್ಣ ಬಾಯಲ್ಲೇ ಹೇಳಬೇಕು. ಮೊದಲ ದಿನ "ಆವಿ ನಿನ್ನೆ!" ಎಂಬ ಕೂಗು ಬಂದು ಇಡೀ ಲಾಂಡ್ರಿ ಬಿದ್ದು ಬಿದ್ದು ನಕ್ಕಿತು. ಅಕ್ಕ ನಗಲಿಲ್ಲ, ಯಂತ್ರವನ್ನೂ ಶುರು ಮಾಡಲಿಲ್ಲ. ಮಾತು ಸರಿಯಾಗುವ ತನಕ ಬಟ್ಟೆ ರಾಶಿ ಬಿತ್ತು, ಮೇಲ್ವಿಚಾರಕರು ಬಂದು ಕೂಗಾಡಿ ಹೋದರು. ಅಕ್ಕ ಜಪ್ಪಯ್ಯ ಎಂದರೂ ಜಗ್ಗಲಿಲ್ಲ. ಹೊಲಿಗೆಯವಳೂ ಡ್ರೈವರೂ ಗೋಡೆಗೆ ಕಿವಿಗೊಟ್ಟು ತಿದ್ದತೊಡಗಿದರು. ಬರುಬರುತ್ತಾ ಗೋಡೆಯಾಚೆಯಿಂದ ಹರಟೆಯೇ ಶುರುವಾಯಿತು. ನೀರು ತುಂಬಿದೆ, ಉರಿ ಏರುತ್ತಿದೆ, ಸ್ವಲ್ಪ ತಡವಾಗುತ್ತದೆ, ಅಕ್ಕಾ ಬೈಯಬೇಡಿ.

ಮೂರನೇ ಪರೀಕ್ಷೆಯ ದಿನ ಅಕ್ಕ ಜೀವ ಕೈಯಲ್ಲಿ ಹಿಡಿದುಕೊಂಡು ಹೊರಗೆ ನಿಂತಿದ್ದರು. ಮುಚ್ಚಿದ ಬಾಗಿಲ ಹಿಂದಿನಿಂದ ಮತ್ತೆ ಗೊಳ್ಳೆಂದು ನಗು ಕೇಳಿತು. ಮುಗಿಯಿತು ಕಥೆ, ಮತ್ತೆ ಬೆಡ್‌ಶೀಟಾಗಿಬಿಟ್ಟರು ಎಂದುಕೊಂಡರು ಅಕ್ಕ.

ಆದರೆ ಒಳಗೆ ನಡೆದದ್ದೇ ಬೇರೆ. ಅದೇ ಪರೀಕ್ಷಕರು ಅದೇ ಪ್ರಶ್ನೆ ಕೇಳಿದ್ದರು. ಬಾಯ್ಲರಣ್ಣ ಎದ್ದು ನಿಂತು ಹೇಳಿದರಂತೆ: "ಹೋದ ಸಲ ನಾನು ಬೆಡ್‌ಶೀಟಾಗಿದ್ದೆ ಸಾರ್. ನೀವು ನಗ್ತಾ ಇದ್ರಿ, ನಾನು ಬೆವರ್ತಾ ಇದ್ದೆ. ಈಗ ಪೂರ್ತಿ ಒಣಗಿದೀನಿ. ಬಾಯ್ಲರ್ ಬಗ್ಗೆ ಏನು ಬೇಕಾದ್ರೂ ಕೇಳಿ, ಹೇಳ್ತೀನಿ." ಈ ಸಲದ ನಗು ಅವರೇ ನಗಿಸಿದ ನಗು. ಆಮೇಲೆ ಕೇಳಿದ್ದಕ್ಕೆಲ್ಲ ನೀರು ಕುಡಿದಷ್ಟು ಸಲೀಸಾಗಿ ಉತ್ತರ ಕೊಟ್ಟರು. ಹೊರಗೆ ಬಂದವರು ಪಾಸಾದ ಸುದ್ದಿ ಹೇಳಿದಾಗ ಅಕ್ಕ ಅಲ್ಲೇ ಅತ್ತುಬಿಟ್ಟರು. ಅಂದು ಲಾಂಡ್ರಿಯಲ್ಲಿ ತೊಟ್ಟಿ, ಬಕೆಟ್ಟು, ಕಪಾಟು, ಕೈಗೆ ಸಿಕ್ಕಿದ್ದೆಲ್ಲ ಡೋಲಾಯಿತು. ಬೈದು ಹೋಗಿದ್ದ ಮೇಲ್ವಿಚಾರಕರೂ ಬಂದು ಎರಡೇಟು ಬಾರಿಸಿದರು.

ಸ್ಪ್ಯಾನರ್ ಇನ್ನೂ ಅಕ್ಕನ ಬೀರುವಿನಲ್ಲೇ ಇದೆ. ಬಾಯ್ಲರಣ್ಣ ವಾಪಸ್ ಕೇಳಿಲ್ಲ. ಇನ್ನೇನು ಆಸೆ ಇದೆ ಎಂದು ಅಕ್ಕನನ್ನು ಕೇಳುತ್ತೇನೆ. ಮನೆಯಲ್ಲಿರುವ ಅತ್ತೆಯನ್ನು ಒಂದು ಬೆಳಿಗ್ಗೆ ಇಲ್ಲಿಗೆ ಕರೆತಂದು ಈ ಗೋಡೆಯ ಪಕ್ಕ ಕೂರಿಸಬೇಕಂತೆ, ಅಷ್ಟೇ. ಅಷ್ಟರಲ್ಲಿ ಎರಡನೇ ಸುತ್ತಿನ ಬಟ್ಟೆ ಬರುತ್ತದೆ, ಆಚೆಯಿಂದ "ಬಂತು" ಎನ್ನುವ ಕೂಗೂ ಬರುತ್ತದೆ. ನಾನು ಖಚಿತಪಡಿಸಿಕೊಳ್ಳಲು ಗೋಡೆಯ ಮಾಪಕದತ್ತ ತಿರುಗುತ್ತೇನೆ. ಅಕ್ಕ ಆಗಲೇ ಬಟ್ಟೆಯನ್ನು ಯಂತ್ರಕ್ಕೆ ಕೊಟ್ಟಾಗಿದೆ.

"ಅಣ್ಣ 'ಬಂತು' ಅಂದ್ಮೇಲೆ ನಾನು ಮುಳ್ಳು ನೋಡಲ್ಲ," ಎನ್ನುತ್ತಾರೆ.