ಆಂಟೆನಾದ ಮೇಲೆ ಬೋರಲು ಹಾಕಿದ ಬಕೆಟ್ಟು

ಗುಜರಾತಿನ ಬೋಡಕ್‌ದೇವ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ತುಂಬ ಇವತ್ತು ಊಂಧಿಯುವಿನ ಘಮ. ಉತ್ತರಾಯಣ, ಅಂದರೆ ಇಲ್ಲಿಯ ಸಂಕ್ರಾಂತಿ, ಬಂತೆಂದರೆ ಪಕ್ಕದ ಮನೆಯವರು ಈ ಪಲ್ಯ ಮಾಡಿಯೇ ತೀರುತ್ತಾರೆ. ಎಲ್ಲರೂ ಗಾಳಿಪಟ ಹಿಡಿದು ತಾರಸಿಗೆ ಓಡಿದರೆ, ನನಗೆ ಮಾಮಾನ ನೆನಪು...

ವಡೋದರಾ ಹತ್ತಿರದ ಸಬ್‌ಸ್ಟೇಷನ್ನಿನಲ್ಲಿ ನಾನಾಗ ಪ್ರೊಬೇಷನ್ನಿನ ಎಂಜಿನಿಯರು. ನಾನು ಮಾಮಾ ಎಂದು ಕರೆಯುತ್ತಿದ್ದ ವಿಜಯಪುರ ಕಡೆಯವರು ಅಲ್ಲಿಯ ಹಳೆಯ ಆಪರೇಟರು. ಅಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಕರೆಂಟಿನ ನಾಡಿ ಹಿಡಿಯುವ ಯಂತ್ರವೊಂದು ನನ್ನ ಹೊಣೆಯಲ್ಲಿತ್ತು. ಸೆಕೆಂಡಿಗೆ ಹತ್ತಾರು ಸಲ ಅಳೆದು, ಪ್ರತಿ ಅಳತೆಗೂ ಉಪಗ್ರಹದ ಸಮಯದ ಮುದ್ರೆ ಒತ್ತುತ್ತಿತ್ತು. ಸೂರತ್ತಿನ ಅಳತೆಯನ್ನೂ ನಮ್ಮದನ್ನೂ ಪಕ್ಕಪಕ್ಕ ಇಟ್ಟು ನೋಡಬೇಕಾದರೆ ಆ ಸಮಯ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಸಮಯ ಹಿಡಿಯುವ ಆಂಟೆನಾ ತಾರಸಿಯಲ್ಲಿತ್ತು. “ಅದಕ್ಕೇನಾದರೂ ಆದರೆ ನನ್ನ ಕೆಲಸ ಹೋಯ್ತು ಮಾಮಾ” ಎಂದು ದಿನಾ ಗೋಳಾಡುತ್ತಿದ್ದೆ. ಅದನ್ನು ಮುಚ್ಚಬಾರದು ಎಂದು ಮಾತ್ರ ಹೇಳಿರಲಿಲ್ಲ. ಅಯ್ಯೋ, ಅದನ್ನೂ ಹೇಳಬೇಕೇ ಎಂಬ ಧಿಮಾಕು ನನಗೆ!

ಸಂಕ್ರಾಂತಿಗೆ ನಾನು ಮೈಸೂರಿಗೆ ಹೋದೆ. ಗಾಳಿಪಟದ ಗಾಜು ಸವರಿದ ಮಾಂಜಾ ದಾರ ಸಿಕ್ಕಿ ಆಂಟೆನಾ ಮುರಿದೀತೆಂದು ಮಾಮಾ ಅದರ ಮೇಲೆ ಸ್ಟೀಲ್ ಬಕೆಟ್ ಬೋರಲು ಹಾಕಿ, ಇಟ್ಟಿಗೆ ಹೇರಿದರು. ಬಕೆಟ್ಟಿನಡಿ ಉಪಗ್ರಹದ ಸಂಕೇತ ತಲುಪದೆ ಯಂತ್ರಕ್ಕೆ ಸಮಯವೇ ಸಿಗದಾಯಿತು. ಗ್ರಹಚಾರ, ಅದೇ ಮಧ್ಯಾಹ್ನ ದೊಡ್ಡದೊಂದು ಲೈನು ಟ್ರಿಪ್ ಆಯಿತು. ಕಾರಣ ಹುಡುಕಲು ಜೋಡಿಸಿ ನೋಡಿದರೆ ಎಲ್ಲ ಕಡೆಯ ಅಳತೆಗಳೂ ಹೊಂದಿದವು, ನಮ್ಮದೊಂದು ಬಿಟ್ಟು.

ವಿಚಾರಣೆಯಲ್ಲಿ ಸಾಹೇಬರು, ಮುಚ್ಚಬಾರದೆಂದು ಸಿಬ್ಬಂದಿಗೆ ಹೇಳಿದ್ದೆಯಾ ಎಂದು ಕೇಳಿದರು. ಹೇಳಿದ್ದೆ ಅಂದುಬಿಟ್ಟೆ. ಮಾಮಾ ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಹಿಂದಿಯಲ್ಲಿ, ಹೌದು, ಹೇಳಿದ್ದರು, ನಾನೇ ಮರೆತೆ ಎಂದರು.

ಹೊರಗೆ ಬಂದು ಅಳುತ್ತ ನಿಂತೆ. ಮಾಮಾ ಹಿಂದೆಯೇ ಬಂದರು. “ಅಳಬ್ಯಾಡ ತಂಗಿ. ನಂದು ಇನ್ನ ಮೂರು ತಿಂಗಳ ಸರ್ವಿಸ್ ಉಳದೈತಿ, ನಿಂದು ಈಗ ಶುರು. ಸುಮ್ನ ಇರು.” ಸುಮ್ಮನಿದ್ದೆ. ಅವರಿಗೆ ಮೆಮೋ ಬಂತು, ನನ್ನ ಕೆಲಸ ಕಾಯಂ ಆಯಿತು.

ಹೋದ ತಿಂಗಳು ಸೂರತ್ತಿನ ಮಗನ ಮನೆಯಲ್ಲಿ ಮಾಮಾ ತೀರಿಕೊಂಡರು. ಹೋಗಿದ್ದೆ. ಅವರ ಹೆಂಡತಿ ಹೇಳಿದರು: “ಆ ಮೆಮೋ ಬಂದ ಮ್ಯಾಲೆ, ಅಪ್ಪಗ ಅರಳು ಮರಳು ಅಂತ ಮಗಾ ಗಾಡಿ ಕೀಲಿ ಕಸಗೊಂಡ್ನವ್ವಾ. ಅವ್ರನ್ನ ಒಬ್ಬರನ್ನ ಹೊರಗ ಬಿಡಲೇ ಇಲ್ಲ.” ನಿಜ ಹೇಳದೆ, ಹೇಡಿಯ ಹಾಗೆ ಎದ್ದು ಬಂದೆ.

ಇವತ್ತು ತಡೆಯಲಾರದೆ ಆ ಮಗನಿಗೆ ಫೋನ್ ಮಾಡಿದೆ. ಗುಜರಾತಿನಲ್ಲೇ ಬೆಳೆದವನು, ಕನ್ನಡ ಅಷ್ಟಕ್ಕಷ್ಟೆ. ಸುಳ್ಳು ಹೇಳಿದ್ದು ನಾನು ಎಂದು ಬಿಡಿಸಿ ಹೇಳಿದೆ. ಅವನು ಅರೆಗನ್ನಡ, ಅರೆಹಿಂದಿಯಲ್ಲಿ ಕೇಳಿದ:

“ಅಂದ್ರೆ ಅಪ್ಪಾ ಭೂಲೇ ನಹೀ ಥೇ?”

ಇಲ್ಲಪ್ಪಾ, ಅವರು ಏನೂ ಮರೆತಿರಲಿಲ್ಲ ಎಂದೆ.

ಅವನು ಮತ್ತೊಮ್ಮೆ ಅದನ್ನೇ ಕೇಳಿದ.